ಮಳೆ ಬಂದ್ರೆ ಎಸ್‌ಡಬ್ಲ್ಯೂಆರ್ ಏರುತ್ತಾ? ತಂತಿ ಕತ್ತರಿಸಬೇಡಿ, ಕನೆಕ್ಟರ್ ಬಿಚ್ಚಿ ನೋಡಿ

ಮೊದಲ ದೊಡ್ಡ ಮಳೆ ಬಿದ್ದ ಮಾರನೇ ದಿನ ಹ್ಯಾಮ್ (ಹವ್ಯಾಸಿ ರೇಡಿಯೊ) ಗೆಳೆಯರಿಂದ ಬರುವ ಫೋನ್ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. "ನಿನ್ನೆವರೆಗೂ ಎಸ್‌ಡಬ್ಲ್ಯೂಆರ್ 1.3 ಇತ್ತು ಸಾರ್, ಇವತ್ತು 3 ದಾಟಿದೆ. ತಂತಿ ಎಷ್ಟು ಕತ್ತರಿಸಲಿ?" ಎಸ್‌ಡಬ್ಲ್ಯೂಆರ್ ಅಂದರೆ ಆಂಟೆನಾಗೆ ಕಳಿಸಿದ ಪವರ್ ಎಷ್ಟು ವಾಪಸ್ ಬರುತ್ತಿದೆ ಅಂತ ಹೇಳುವ ಅಳತೆ. 1ರ ಹತ್ತಿರ ಇದ್ದಷ್ಟೂ ಒಳ್ಳೆಯದು.

ಒಂದು ಇಂಚೂ ಕತ್ತರಿಸಬೇಡಿ. 40 ಮೀಟರ್ ಬ್ಯಾಂಡಿನ (7 ಮೆಗಾಹರ್ಟ್ಸ್) ಡೈಪೋಲ್ ಆಂಟೆನಾ ಅಂದರೆ ಒಂದೊಂದು ಕಡೆ ಸುಮಾರು 10 ಮೀಟರ್ ತಂತಿ. ಅದು ರಾತ್ರೋರಾತ್ರಿ ಬೆಳೆಯುವುದಿಲ್ಲ. ತಂತಿ ಒದ್ದೆಯಾದಾಗ, ಅದರ ತುದಿ ತೆಂಗಿನ ಗರಿಗೆ ತಾಗಿದಾಗ ರೆಸೊನೆನ್ಸ್ (ಆಂಟೆನಾ ಸರಿಯಾಗಿ ಹೊಂದುವ ಫ್ರೀಕ್ವೆನ್ಸಿ) ಸ್ವಲ್ಪ ಕೆಳಗಿಳಿಯುತ್ತದೆ, ನಿಜ. ಅದನ್ನು ನೋಡಿ ಕತ್ತರಿ ಹಾಕಿದಿರೋ, ಬಿಸಿಲು ಬಂದಾಗ ಆಂಟೆನಾ ಗಿಡ್ಡವಾಗಿರುತ್ತದೆ. ಆಮೇಲೆ ತುಂಡು ತಂತಿ ಸೇರಿಸಿ ಗಂಟು ಹಾಕುವುದು, ಮುಂದಿನ ಮಳೆಗೆ ಆ ಗಂಟೇ ಕೈಕೊಡುವುದು.

ಹೆಚ್ಚಿನ ಸಲ ತಪ್ಪು ಇರುವುದು ರಿಗ್‌ನಲ್ಲೂ (ರೇಡಿಯೊ ಸೆಟ್) ಅಲ್ಲ, ತಂತಿಯಲ್ಲೂ ಅಲ್ಲ. ರಿಗ್‌ನಿಂದ ಆಂಟೆನಾಗೆ ಹೋಗುವ ಕೇಬಲ್ ತುದಿಯ ಪಿಎಲ್-259 ಕನೆಕ್ಟರ್‌ನಲ್ಲಿ. ಈ ಕನೆಕ್ಟರ್‌ಗೆ ರಬ್ಬರ್ ವಾಷರ್ ಇಲ್ಲ, ನೀರು ತಡೆಯುವ ಏರ್ಪಾಡೇ ಇಲ್ಲ. ನಾವೇ ತಡೆಯಬೇಕು.

ಹಂತ 1: ತಪ್ಪು ಎಲ್ಲಿದೆ ಅಂತ ಗೊತ್ತು ಮಾಡಿಕೊಳ್ಳಿ

ಮೊದಲು ಕೇಬಲ್ ತೆಗೆದು, ಎಸ್‌ಡಬ್ಲ್ಯೂಆರ್ ಮೀಟರ್‌ಗೆ ನೇರವಾಗಿ 50 ಓಮ್‌ನ ಡಮ್ಮಿ ಲೋಡ್ (ಆಂಟೆನಾ ಬದಲು ಪವರ್ ಹೀರಿಕೊಳ್ಳುವ ರೆಸಿಸ್ಟರ್) ಹಾಕಿ. ಕಡಿಮೆ ಪವರ್, 5 ವಾಟ್ ಸಾಕು. ಮುಳ್ಳು 1ರ ಹತ್ತಿರವೇ ನಿಲ್ಲಬೇಕು. ನಿಲ್ಲಲಿಲ್ಲ ಅಂದರೆ ರಿಗ್‌ನಿಂದ ಮೀಟರ್‌ಗೆ ಬರುವ ಆ ಚಿಕ್ಕ ಪ್ಯಾಚ್ ಕೇಬಲ್ ಬದಲಿಸಿ ನೋಡಿ. ಸರಿ ಇದ್ದರೆ ಅದೇ ಡಮ್ಮಿ ಲೋಡನ್ನು ತಾರಸಿಗೆ ಒಯ್ದು, ಆಂಟೆನಾ ಬಿಚ್ಚಿ, ಉದ್ದ ಕೇಬಲ್‌ನ ಆ ತುದಿಗೆ ಹಾಕಿ. ಈಗಲೂ ಸರಿ ತೋರಿಸಿದರೆ ಆಂಟೆನಾ ಕಡೆಯ ಜೋಡಣೆ, ಬಾಲನ್ (ಕೇಬಲ್‌ಗೂ ಡೈಪೋಲ್‌ಗೂ ನಡುವೆ ಹಾಕುವ ಟ್ರಾನ್ಸ್‌ಫಾರ್ಮರ್), ತಂತಿ ನೋಡಬೇಕು. ತೋರಿಸದಿದ್ದರೆ ಕಳ್ಳ ಕೇಬಲ್‌ನಲ್ಲೇ ಇದ್ದಾನೆ.

ಇಲ್ಲೊಂದು ಮಾತು. ಕೆಲವರು ಇಷ್ಟೆಲ್ಲ ಯಾಕೆ ಅಂತ ಶ್ಯಾಕ್‌ನಲ್ಲೇ (ರಿಗ್ ಇಟ್ಟ ಕೋಣೆ) ಟ್ಯೂನರ್ (ರಿಗ್‌ಗೆ ಎಸ್‌ಡಬ್ಲ್ಯೂಆರ್ ಸರಿ ಕಾಣುವಂತೆ ಮಾಡುವ ಪೆಟ್ಟಿಗೆ) ಹಾಕಿಬಿಡುತ್ತಾರೆ. ರಿಗ್‌ಗೆ ಸಮಾಧಾನ ಆಗುತ್ತದೆ, ಅಷ್ಟೇ. ಟ್ಯೂನರ್ ಆಚೆ ಕೇಬಲ್‌ನಲ್ಲಿ ನೀರು ಹಾಗೇ ಇರುತ್ತದೆ.

ಹಂತ 2: ಸುಳ್ಳು ಹೇಳುವ ಕೇಬಲ್

ನೀರು ಕುಡಿದ ಕೇಬಲ್ ಕೆಲವೊಮ್ಮೆ ಎಸ್‌ಡಬ್ಲ್ಯೂಆರ್ ಏರಿಸುವುದೇ ಇಲ್ಲ. ಬದಲಿಗೆ ಇಳಿಸುತ್ತದೆ! ಹೋಗುವ ಪವರ್ ದಾರಿಯಲ್ಲೇ ಒಂದಿಷ್ಟು ಶಾಖವಾಗಿ ಖರ್ಚಾಗುತ್ತದೆ. ಆಂಟೆನಾದಿಂದ ತಿರುಗಿ ಬರುವ ಪವರ್ ಕೂಡ ಅದೇ ದಾರಿಯಲ್ಲಿ ಖರ್ಚಾಗುತ್ತದೆ. ಕೆಳಗಿನ ಮೀಟರ್‌ಗೆ ಹೆಚ್ಚೇನೂ ವಾಪಸ್ ಬರುವುದಿಲ್ಲ, ಅದು ಪಾಪ 1.2 ಅನ್ನುತ್ತದೆ. "ಎಸ್‌ಡಬ್ಲ್ಯೂಆರ್ ಬಂಗಾರದ ಹಾಗಿದೆ, ಯಾರೂ ಉತ್ತರ ಕೊಡ್ತಿಲ್ಲ" ಅನ್ನುವವರು ಮೊದಲು ಕೇಬಲ್ ಮೇಲೆ ಅನುಮಾನ ಪಡಬೇಕು.

ಇದನ್ನು ಹಿಡಿಯಲು ನ್ಯಾನೋ ವಿಎನ್‌ಎ (ಕೇಬಲ್, ಆಂಟೆನಾ ಅಳೆಯುವ ಪುಟ್ಟ ಉಪಕರಣ) ಇದ್ದರೆ ಸುಲಭ. ಕ್ಯಾಲಿಬ್ರೇಟ್ ಮಾಡಿ, ಕೇಬಲ್‌ನ ಆ ತುದಿಯಲ್ಲಿ ಏನೂ ಹಾಕದೆ ಖಾಲಿ ಬಿಟ್ಟು ರಿಟರ್ನ್ ಲಾಸ್ (ತಿರುಗಿ ಬಂದ ಸಿಗ್ನಲ್ ಎಷ್ಟು ಕಡಿಮೆಯಾಗಿದೆ ಅನ್ನುವುದು) ಓದಿ. ಸಿಗ್ನಲ್ ಹೋಗಿ ಬಂದದ್ದರಿಂದ ಅದರಲ್ಲಿ ಅರ್ಧವೇ ಕೇಬಲ್‌ನ ನಷ್ಟ. 30 ಮೀಟರ್ ಆರ್‌ಜಿ-213 (ದಪ್ಪ ಕೇಬಲ್) ಆದರೆ ಆ ನಷ್ಟ 7 ಮೆಗಾಹರ್ಟ್ಸ್‌ನಲ್ಲಿ ಅರ್ಧ ಡೆಸಿಬೆಲ್ ಆಸುಪಾಸಿನಲ್ಲಿರಬೇಕು. 2 ಡೆಸಿಬೆಲ್ ಬಂತು ಅಂದರೆ ಕೇಬಲ್ ಹೋಯ್ತು. ಎಚ್ಚರ, ತುದಿ ಖಾಲಿ ಇರುವ ಕೇಬಲ್‌ಗೆ ರಿಗ್ ಹಾಕಿ ಪಿಟಿಟಿ (ಮಾತಾಡಲು ಒತ್ತುವ ಬಟನ್) ಒತ್ತಬೇಡಿ. ಇದು ವಿಎನ್‌ಎ ಮಾಡುವ ಕೆಲಸ. ವಿಎನ್‌ಎ ಇಲ್ಲದವರು ಡಮ್ಮಿ ಲೋಡನ್ನು ಮೇಲಿನ ತುದಿಗೆ ಹಾಕಿ, ಕೆಳಗೊಮ್ಮೆ ಮೇಲೊಮ್ಮೆ ವಾಟ್ ಅಳೆದು ನೋಡಬಹುದು.

ವಿಎಚ್‌ಎಫ್‌ಗೆ ತೆಳು ಆರ್‌ಜಿ-58 ಕೇಬಲ್ ಎಳೆದವರು ಬೇಜಾರು ಮಾಡಿಕೊಳ್ಳಬೇಡಿ. 145 ಮೆಗಾಹರ್ಟ್ಸ್‌ನಲ್ಲಿ 30 ಮೀಟರ್ ಆರ್‌ಜಿ-58 ಹೊಸದಾಗಿದ್ದರೂ ಮುಕ್ಕಾಲು ಪಾಲು ಪವರ್ ತಾನೇ ತಿನ್ನುತ್ತದೆ. ಅದಕ್ಕೆ ನೀರು ಬೇಕಾಗಿಲ್ಲ.

ಹಂತ 3: ಕತ್ತರಿಸಿ ನೋಡಿ (ತಂತಿಯನ್ನಲ್ಲ, ಕೇಬಲನ್ನು)

ಮೇಲಿನ ಕನೆಕ್ಟರ್ ಕತ್ತರಿಸಿ ಒಂದಡಿ ಸಿಪ್ಪೆ ಸುಲಿಯಿರಿ. ಒಳಗಿನ ತಾಮ್ರದ ಬ್ರೇಡ್ (ಹೆಣೆದ ಎಳೆಗಳ ಪದರ) ಹೊಳೆಯುತ್ತಿದ್ದರೆ ಸರಿ. ಕಂದು, ಕಪ್ಪು, ಹಸಿರು ಪುಡಿ ಕಂಡರೆ ನೀರು ಒಳಗೆ ಓಡಾಡಿದೆ. ಬ್ರೇಡ್ ದೀಪದ ಬತ್ತಿಯ ಹಾಗೆ ನೀರನ್ನು ಉದ್ದಕ್ಕೂ ಎಳೆದುಕೊಂಡು ಹೋಗುತ್ತದೆ. ಒಂದೊಂದಡಿ ಕತ್ತರಿಸುತ್ತಾ ಹೊಳೆಯುವ ತಾಮ್ರ ಸಿಗುವವರೆಗೆ ಹೋಗಿ. ಎರಡು ಮೂರು ಮೀಟರ್ ಹೋದರೂ ಸಿಗಲಿಲ್ಲವಾ, ಹೊಸ ಕೇಬಲ್ ತನ್ನಿ. ಹೇರ್ ಡ್ರೈಯರ್ ಹಿಡಿದು ಒಣಗಿಸುತ್ತೇನೆ ಅನ್ನುವುದು ಸುಮ್ನೆ ಕರೆಂಟ್ ದಂಡ.

ಹೊಸ ಕೇಬಲ್ ತರುವಾಗ ಟಿವಿ ಡಿಶ್‌ಗೆ ಹಾಕುವ ಆರ್‌ಜಿ-6 ಅಗ್ಗ ಅಂತ ತರಬೇಡಿ. ಅದು 75 ಓಮ್ ಅನ್ನುವುದು ಡೈಪೋಲ್‌ಗೆ ದೊಡ್ಡ ತೊಂದರೆಯಲ್ಲ. ಆದರೆ ಅದರ ಬ್ರೇಡ್ ಸಾಮಾನ್ಯವಾಗಿ ಅಲ್ಯೂಮಿನಿಯಂ. ಸೋಲ್ಡರ್ ಹಿಡಿಯುವುದಿಲ್ಲ.

ಹಂತ 4: ಕನೆಕ್ಟರ್ ಸೋಲ್ಡರ್ ಮಾಡುವುದು

ಎಲ್ಲರೂ ಎಡವುವುದು ಇಲ್ಲೇ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಬೆಂಗಳೂರಿನ ಎಸ್‌.ಪಿ. ರೋಡ್‌ನಂಥ ಕಡೆ ಪಿಎಲ್-259 ಬೇಕಾದ ಬೆಲೆಗೆ ಸಿಗುತ್ತದೆ. ಕನ್ನಡಿಯ ಹಾಗೆ ಫಳಫಳ ಹೊಳೆಯುವ, ಒಳಗೆ ಸಾಧಾರಣ ಪ್ಲಾಸ್ಟಿಕ್ ಇರುವ ಅಗ್ಗದ ಮಾಲನ್ನು ಮುಟ್ಟಬೇಡಿ. ಬಿಸಿ ತಾಗಿದರೆ ಪ್ಲಾಸ್ಟಿಕ್ ಕರಗಿ ನಡುವಿನ ಪಿನ್ ವಾಲುತ್ತದೆ, ಹೊರಗಿನ ಲೇಪನಕ್ಕೆ ಸೋಲ್ಡರ್ ಅಂಟುವುದೇ ಇಲ್ಲ. ಬೆಳ್ಳಿ ಲೇಪನದ, ಒಳಗೆ ಬಿಳಿ ಟೆಫ್ಲಾನ್ ಇರುವುದನ್ನೇ ಕೇಳಿ ತನ್ನಿ. ಅಗ್ಗದ್ದೇ ಗತಿ ಅಂದರೆ ತೂತುಗಳ ಸುತ್ತ ಅರದಿಂದ ಉಜ್ಜಿ ಹಿತ್ತಾಳೆ ಕಾಣಿಸಿ.

ಮೊದಲ ಕೆಲಸ, ತಿರುಗಿಸುವ ಹೊರಗಿನ ರಿಂಗನ್ನು ಕೇಬಲ್‌ಗೆ ತೂರಿಸಿ. ಈಗಲೇ. ಎಲ್ಲ ಸೋಲ್ಡರ್ ಮುಗಿಸಿ ಮೇಜಿನ ಮೇಲೆ ಉಳಿದ ರಿಂಗ್ ನೋಡಿ ತಲೆ ಚಚ್ಚಿಕೊಂಡವರು ಬಹಳ ಮಂದಿ.

ಆಮೇಲೆ ಕನೆಕ್ಟರನ್ನು ಕೇಬಲ್ ಪಕ್ಕಕ್ಕಿಟ್ಟು ಗುರುತು ಹಾಕಿ. ಪಕ್ಕದ ನಾಲ್ಕು ತೂತುಗಳ ಕೆಳಗೆ ಬ್ರೇಡ್ ಬರಬೇಕು. ನಡುವಿನ ತಂತಿ ಪಿನ್ನಿನ ತುದಿಯವರೆಗೆ ತಲುಪಬೇಕು. ಸಿಪ್ಪೆ ತೆಗೆಯುವಾಗ ಬ್ಲೇಡ್ ಬ್ರೇಡ್‌ಗೆ ತಾಗದಂತೆ ಸುತ್ತಲೂ ಹಗುರವಾಗಿ ಗೀರಿ, ಕೇಬಲ್ ಬಗ್ಗಿಸಿ. ತಾನೇ ಬಿರಿಯುತ್ತದೆ. ಬ್ರೇಡ್‌ಗೆ ತೆಳುವಾಗಿ ಸೋಲ್ಡರ್ ಸವರಿ, ಒಂದೇ ಒಂದು ಎಳೆಯೂ ನಡುವಿನ ತಂತಿಯ ಕಡೆ ಚಾಚದಂತೆ ನೋಡಿಕೊಳ್ಳಿ. ಈಗ ಕನೆಕ್ಟರನ್ನು ಕೇಬಲ್ ಸಿಪ್ಪೆಯ ಮೇಲೆ ಗಟ್ಟಿಯಾಗಿ ತಿರುಗಿಸಿ ಕೂರಿಸಿ. ತೆಳು ಆರ್‌ಜಿ-58 ಆದರೆ ನಡುವೆ ರೆಡ್ಯೂಸರ್ (ಕನೆಕ್ಟರ್ ತೂತು ಕಿರಿದು ಮಾಡುವ ಕೊಳವೆ) ಬೇಕು.

ಮನೆಯಲ್ಲಿರುವ 25 ವಾಟ್ ಸೋಲ್ಡರಿಂಗ್ ಐರನ್ ಇದಕ್ಕೆ ಆಗುವುದಿಲ್ಲ. ಕನೆಕ್ಟರ್‌ನ ಲೋಹ ಶಾಖ ಎಲ್ಲಾ ಹೀರಿಕೊಳ್ಳುತ್ತದೆ. ನೀವು ಐದು ನಿಮಿಷ ಹಿಡಿದು ಕೂತರೆ ಒಳಗಿನ ಪ್ಲಾಸ್ಟಿಕ್ ಬೇಯುತ್ತದೆ, ಸೋಲ್ಡರ್ ಮಾತ್ರ ಉಂಡೆ ಕಟ್ಟುತ್ತದೆ. 80–100 ವಾಟ್‌ನದು, ದಪ್ಪ ಬಿಟ್ ಇರುವುದು ಬೇಕು. ಹೆಚ್ಚು ಶಾಖ, ಕಡಿಮೆ ಹೊತ್ತು. ತೂತಿನಲ್ಲಿ ಸೋಲ್ಡರ್ ಹರಿದು ಒಳಗಿಳಿದು ಬ್ರೇಡ್ ಜತೆ ಒಂದಾಗಿ ಹೊಳೆಯಬೇಕು. ಮೇಲೆ ಮಣಿಯ ಹಾಗೆ ಕೂತಿದ್ದರೆ ಅದು ಹಿಡಿದಿಲ್ಲ. ಬ್ರೇಡ್ ಮಡಿಸಿ ಸುಮ್ನೆ ತಿರುಗಿಸಿಬಿಟ್ಟರೆ ಸಾಕು, ಸೋಲ್ಡರ್ ಬೇಡ ಅನ್ನುವವರಿದ್ದಾರೆ. ಮನೆಯೊಳಗೆ ಹೇಗೋ ನಡೆಯುತ್ತೆ. ತಾರಸಿ ಮೇಲೆ ನಡೆಯುವುದಿಲ್ಲ.

ಆರಿದ ಮೇಲೆ ಮಲ್ಟಿಮೀಟರ್ ಹಿಡಿದು ಪಿನ್‌ಗೂ ಹೊರಭಾಗಕ್ಕೂ ಶಾರ್ಟ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಆಂಟೆನಾ ಜೋಡಿಸುವ ಮುನ್ನ ಇದನ್ನು ಮಾಡಿ. ಕೆಲವು ಬಾಲನ್‌ಗಳು ಸರಿಯಿದ್ದರೂ ಮಲ್ಟಿಮೀಟರ್‌ಗೆ ಶಾರ್ಟ್ ಅಂತಲೇ ಕಾಣುತ್ತವೆ.

ಹಂತ 5: ನೀರು ಒಳಗೆ ಹೋಗದಂತೆ ಕಟ್ಟುವುದು

ಹಾರ್ಡ್‌ವೇರ್ ಅಂಗಡಿಯ ಸಿಲಿಕೋನ್ ಟ್ಯೂಬ್ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ವಿನೆಗರ್ ಥರ ಹುಳಿ ವಾಸನೆ ಬರುವುದನ್ನು ಕನೆಕ್ಟರ್ ಹತ್ತಿರ ತರಬೇಡಿ. ಅದು ಗಟ್ಟಿಯಾಗುವಾಗ ಬಿಡುವ ಆಮ್ಲ ತಾಮ್ರವನ್ನೇ ತಿನ್ನುತ್ತದೆ. ಬರೀ ಕಪ್ಪು ಇನ್ಸುಲೇಷನ್ ಟೇಪ್ ಕೂಡ ಸಾಲದು. ಬಿಸಿಲಿಗೆ ಅದರ ಅಂಟು ಕರಗಿ ಬಾಲ ಬಿಚ್ಚಿಕೊಳ್ಳುತ್ತದೆ.

ನಾನು ಕಟ್ಟುವುದು ಮೂರು ಪದರ. ಕನೆಕ್ಟರ್ ಗಟ್ಟಿಯಾಗಿ ತಿರುಗಿಸಿದ ಮೇಲೆ ಒಳ್ಳೆಯ ಇನ್ಸುಲೇಷನ್ ಟೇಪ್ ಒಂದು ಸುತ್ತು. ಮುಂದೆ ಬಿಚ್ಚುವಾಗ ಕನೆಕ್ಟರ್‌ನ ಥ್ರೆಡ್‌ನಲ್ಲಿ ಗೋಂದು ಮೆತ್ತಿರಬಾರದಲ್ವಾ, ಅದಕ್ಕೆ. ಅದರ ಮೇಲೆ ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್. ಹಿಂದಿನ ಹಾಳೆ ಸುಲಿದು, ಟೇಪನ್ನು ಚೆನ್ನಾಗಿ ಎಳೆಯಿರಿ. ಅಗಲ ಕಡಿಮೆಯಾಗುವುದು ಕಣ್ಣಿಗೆ ಕಾಣಬೇಕು. ಎಳೆಯದಿದ್ದರೆ ಬೆಸೆದುಕೊಳ್ಳುವುದಿಲ್ಲ. ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚಲಿ. ಸುತ್ತುವುದು ಕೆಳಗಿನಿಂದ ಮೇಲಕ್ಕೆ. ಆಗ ಮೇಲಿನ ಸುತ್ತಿನ ಅಂಚು ಕೆಳಗಿನದರ ಮೇಲೆ ಬಂದು ನೀರು ಜಾರಿಹೋಗುತ್ತದೆ. ಮೇಲಿನಿಂದ ಕೆಳಕ್ಕೆ ಸುತ್ತಿದರೆ ಒಂದೊಂದು ಅಂಚೂ ನೀರು ಹಿಡಿಯುವ ಬಟ್ಟಲು. ಕನೆಕ್ಟರ್‌ನಿಂದ ಎರಡು ಕಡೆಗೂ ಮೂರು ಬೆರಳಿನಷ್ಟು ಆಚೆ ಹೋಗಿ.

ರಬ್ಬರ್ ಟೇಪ್‌ಗೆ ಬಿಸಿಲು ಆಗಿಬರುವುದಿಲ್ಲ. ಅದಕ್ಕೇ ಮೂರನೇ ಪದರ, ಮತ್ತೆ ಇನ್ಸುಲೇಷನ್ ಟೇಪ್. ಇದರ ಕೊನೆಯ ಸುತ್ತನ್ನು ಎಳೆಯದೆ ಸಡಿಲವಾಗಿ ಅಂಟಿಸಿ, ಕೈಯಲ್ಲಿ ಹರಿಯಬೇಡಿ, ಕತ್ತರಿಯಲ್ಲೇ ಕತ್ತರಿಸಿ. ಕೇಬಲ್ ಕಿಟಕಿ ಹೊಗುವ ಮುಂಚೆ ಕೆಳಗೆ ಜೋತುಬಿದ್ದ ಒಂದು ಬಾಗು ಇರಲಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಆಂಟೆನಾ ಕಟ್ಟುವ ಮಾಮೂಲಿ ನೀಲಿ ಪ್ಲಾಸ್ಟಿಕ್ ಹಗ್ಗ ಬಿಸಿಲಿಗೆ ಪುಡಿಯಾಗುತ್ತದೆ, ವರ್ಷಕ್ಕೊಮ್ಮೆ ಬದಲಿಸಿ. ಮೇಲೆ ಕರೆಂಟ್ ಲೈನ್ ಹಾದುಹೋಗುವ ಜಾಗದಲ್ಲಿ ಆಂಟೆನಾ ಕಟ್ಟಲೇಬೇಡಿ, ಹಗ್ಗ ಎಷ್ಟೇ ಗಟ್ಟಿಯಿದ್ದರೂ.

ಸಿಡಿಲಿಗೆ

ಭರಣಿ, ಕೃತ್ತಿಕೆ ಮಳೆಯ ಸಂಜೆಗಳೇ ನಮ್ಮ ಕಡೆ ರಿಗ್‌ಗೆ ಅಪಾಯದ ಹೊತ್ತು. ನೇರ ಸಿಡಿಲನ್ನು ತಡೆಯುವ ವಸ್ತು ಯಾವ ಅಂಗಡಿಯಲ್ಲೂ ಇಲ್ಲ. ಗ್ಯಾಸ್ ಟ್ಯೂಬ್ ಅರೆಸ್ಟರ್ ಅಕ್ಕಪಕ್ಕ ಸಿಡಿಲು ಬಿದ್ದಾಗ ಕೇಬಲ್‌ನಲ್ಲಿ ಹುಟ್ಟುವ ಏರುವೋಲ್ಟೇಜ್‌ಗೆ ಸಹಾಯ ಮಾಡುತ್ತದೆ. ಅದೂ ಅರ್ತಿಂಗ್ ಸರಿಯಿದ್ದರೆ ಮಾತ್ರ. ಅದನ್ನು ಗೋಡೆಯ ಹೊರಗೆ ಹಾಕಿ, ದಪ್ಪ ತಂತಿಯಲ್ಲಿ, ಚಿಕ್ಕ ದಾರಿಯಲ್ಲಿ, ಮೊನಚಾದ ತಿರುವಿಲ್ಲದೆ ನೆಲದ ರಾಡ್‌ಗೆ ಇಳಿಸಿ. ಆ ರಾಡನ್ನು ಮನೆಯ ಅರ್ತಿಂಗ್‌ಗೂ ಸೇರಿಸಿಸಿ. ಎರಡೂ ಬೇರೆ ಬೇರೆ ಇದ್ದರೆ ಅವುಗಳ ನಡುವಿನ ವೋಲ್ಟೇಜ್ ವ್ಯತ್ಯಾಸಕ್ಕೆ ಸಿಗುವ ದಾರಿ ನಿಮ್ಮ ರಿಗ್ಗೇ.

ಎಲ್ಲಕ್ಕಿಂತ ಗಟ್ಟಿ ಉಪಾಯಕ್ಕೆ ಖರ್ಚಿಲ್ಲ. ಕೇಬಲ್ ಬಿಚ್ಚಿ ಕಿಟಕಿಯ ಹೊರಗೆ ಬಿಡಿ. ಬಿಚ್ಚಿ ರಿಗ್ ಪಕ್ಕದಲ್ಲೇ ಇಟ್ಟರೆ ಬಿಚ್ಚಿದ ಹಾಗಲ್ಲ. ಪವರ್ ಸಪ್ಲೈನ ಪ್ಲಗ್, ಕಂಪ್ಯೂಟರ್‌ಗೆ ಹೋಗುವ ಯುಎಸ್‌ಬಿ, ಆಂಟೆನಾ ತಿರುಗಿಸುವ ರೊಟೇಟರ್‌ನ ಕೇಬಲ್ ಕೂಡ ತೆಗೆಯಿರಿ. ಇದನ್ನು ಮೋಡ ಕಟ್ಟುವಾಗಲೇ ಮಾಡಬೇಕು. ಪುಣೆಯ ಹವಾಮಾನ ಸಂಸ್ಥೆ ಐಐಟಿಎಂನವರ ದಾಮಿನಿ ಆ್ಯಪ್ ಸುತ್ತಮುತ್ತ ಬೀಳುವ ಸಿಡಿಲನ್ನು ತೋರಿಸುತ್ತದೆ, ಫೋನ್‌ನಲ್ಲಿ ಇರಲಿ. ಗುಡುಗು ಕಿವಿಗೆ ಬಿತ್ತು ಅಂದರೆ ಸಿಡಿಲು ಆಗಲೇ ನಿಮ್ಮನ್ನು ತಲುಪುವಷ್ಟು ಹತ್ತಿರ ಇದೆ. ಆಗ ಕೇಬಲ್ ಮುಟ್ಟಲು ಹೋಗಬೇಡಿ, ತಾರಸಿಗಂತೂ ಹತ್ತಲೇಬೇಡಿ. ರಿಗ್ ಹೋದರೆ ಹೋಗಲಿ.

ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಾಯಿರಿ. ಕೇಬಲ್ ಒಳಗೆ ತಂದ ಮೇಲೆ ರಿಗ್‌ಗೆ ಹಾಕುವ ಮುಂಚೆ, ಪ್ಲಾಸ್ಟಿಕ್ ಹಿಡಿಯ ಸ್ಕ್ರೂಡ್ರೈವರ್‌ನಿಂದ ಪಿನ್ನನ್ನೂ ಹೊರಭಾಗವನ್ನೂ ಒಮ್ಮೆ ಸೇರಿಸಿ. ತಂತಿಯಲ್ಲಿ ಕೂತಿದ್ದ ಚಾರ್ಜ್ ಚಟ್ ಅಂತ ಇಳಿಯುತ್ತದೆ. ಆಮೇಲೆ 5 ವಾಟ್‌ನಲ್ಲಿ ಎಸ್‌ಡಬ್ಲ್ಯೂಆರ್ ನೋಡಿ, ಸರಿಯಿದ್ದರೆ ಪವರ್ ಏರಿಸಿ.