ಗೋದಲಿಯ ಬೊಂಬೆಗಳನ್ನು ಒಂದೇ ದಿನ ಇಟ್ಟು ಮುಗಿಸಬೇಡಿ

ಕ್ರಿಸ್‌ಮಸ್‌ಗೆ ಮನೆಯಲ್ಲಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ದೃಶ್ಯ, ಕಟ್ಟುವವರಿಗೆ ನಾನು ಹೇಳುವುದು ಇಷ್ಟೇ. ಅಂಗಡಿಯಿಂದ ಸೆಟ್ ತಂದು, ಎಲ್ಲರನ್ನೂ ಒಂದೇ ಸಂಜೆ ನಿಲ್ಲಿಸಿ, ಸೀರಿಯಲ್ ಲೈಟ್ ಹಾಕಿ ಫೋಟೋ ತೆಗೆದುಬಿಟ್ಟರೆ, ಮಕ್ಕಳು ಮಾರನೇ ದಿನ ಆ ಕಡೆ ತಿರುಗಿಯೂ ನೋಡುವುದಿಲ್ಲ. ಕಥೆಯಲ್ಲಿ ಯಾರು ಯಾವಾಗ ಬರುತ್ತಾರೋ ಗೋದಲಿಗೂ ಆಗಲೇ ಬರಲಿ. ಜಾಗ ಜಾಸ್ತಿ ಬೇಡ. ಬೆಂಗಳೂರಿನ ನಮ್ಮ ಬಾಡಿಗೆ ಮನೆಯಲ್ಲಿ ಇದೆಲ್ಲಾ ನಡೆಯುವುದು ಟಿವಿ ಪಕ್ಕದ ಸ್ಟೂಲಿನ ಮೇಲೆ.

ಮೊದಲು ಹಸಿರು. ಡಿಸೆಂಬರ್ 12ರ ಹೊತ್ತಿಗೆ ಒಂದು ಹಿಡಿ ರಾಗಿ ನೆನೆಹಾಕಿ, ಮಾರನೇ ದಿನ ಬಟ್ಟೆಯಲ್ಲಿ ಕಟ್ಟಿಡಿ. ಮೊಳಕೆಯ ಬಿಳಿ ಚುಕ್ಕಿ ಕಂಡ ಕೂಡಲೇ ಹಳೇ ತಟ್ಟೆಯಲ್ಲಿ ಮಣ್ಣು ಹರಡಿ, ಕಾಳನ್ನು ಒತ್ತೊತ್ತಾಗಿ ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ. ನೀರು ಸುರಿದರೆ ಕಾಳೆಲ್ಲಾ ಒಂದು ಮೂಲೆಗೆ ಹೋಗಿ ಕೂರುತ್ತದೆ, ಕೈಯಲ್ಲಿ ಚಿಮುಕಿಸಿ. ಕಿಟಕಿ ಹತ್ತಿರ ಇಟ್ಟರೆ ಹಬ್ಬಕ್ಕೆ ಸರಿಯಾಗಿ ಹುಲ್ಲು ರೆಡಿ. ಗುಡ್ಡಕ್ಕೆ ಖಾಕಿ ಕಾಗದ ಮುದುರಿದರೆ ಸಾಕು. ಒಣಹುಲ್ಲಿಗೆ ಬಲ್ಬು ತಾಗದ ಹಾಗೆ ನೋಡಿಕೊಳ್ಳಿ.

ಎತ್ತು, ಕತ್ತೆ ಮೊದಲ ದಿನವೇ ಇರಲಿ. ನಿಜ ಹೇಳಬೇಕೆಂದರೆ ಬೈಬಲಿನ ಲೂಕನ ಸುವಾರ್ತೆಯ ಜನನದ ಕಥೆಯಲ್ಲಿ ಅವು ಇಲ್ಲವೇ ಇಲ್ಲ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಕ್ರಿಸ್‌ಮಸ್ ರಾತ್ರಿ ಹುಲ್ಲು ತುಂಬಿದ ಗೋದಲಿ (ಮೇವಿನ ತೊಟ್ಟಿ) ಇಟ್ಟು, ಜೀವಂತ ಎತ್ತು ಕತ್ತೆಗಳನ್ನೇ ತಂದು ನಿಲ್ಲಿಸಿದ್ದರು. ಮಕ್ಕಳಿಗೆ ಇದನ್ನು ಹೇಳಿ, ಖುಷಿಪಡುತ್ತಾರೆ.

ಯೇಸುವಿನ ತಾಯಿ ಮರಿಯಾ, ಆಕೆಯ ಗಂಡ ಜೋಸೆಫರನ್ನು ಅಡುಗೆಮನೆಯ ಶೆಲ್ಫಿನಿಂದ ಹೊರಡಿಸಿ. ಅದು ಅವರ ಊರು ನಜರೇತ್. ಅಲ್ಲಿಂದ ಯೇಸು ಹುಟ್ಟಿದ ಬೆತ್ಲೆಹೇಮಿಗೆ ನೂರು ಕಿಲೋಮೀಟರಿಗೂ ಜಾಸ್ತಿ ದಾರಿ. ರೋಮಿನ ಚಕ್ರವರ್ತಿ ಔಗುಸ್ತ ಜನಗಣತಿಗೆ ಆಜ್ಞೆ ಹೊರಡಿಸಿದ್ದರಿಂದ ತುಂಬು ಬಸುರಿಯೂ ಹೊರಡಬೇಕಾಯಿತು. ದಿನಾ ಸಂಜೆ ಒಂದೊಂದು ಗೇಣು ಮುಂದೆ ಸರಿಸುವ ಕೆಲಸ ಮಕ್ಕಳದ್ದು. ದಾರಿಯಲ್ಲಿ ಒಂದೆರಡು ಪ್ರಶ್ನೆ ಕೇಳಿ. ಸತ್ರದಲ್ಲಿ ಜಾಗ ಸಿಗಲಿಲ್ಲವಂತೆ, ನಮ್ಮ ಬಾಗಿಲು ತಟ್ಟಿದ್ದರೆ ಎಲ್ಲಿ ಮಲಗಿಸುತ್ತಿದ್ದೆ? ನನ್ನ ಚಿಕ್ಕವಳು ಹೇಳಿದ್ದು: "ನಿನ್ನ ರೂಮಲ್ಲಿ ಅಮ್ಮಾ. ನನ್ನ ರೂಮಲ್ಲಿ ಆಟದ ಸಾಮಾನಿದೆ." ಇಂಥ ಉತ್ತರ ಬಂದರೆ ತಿದ್ದಲು ಹೋಗಬೇಡಿ. ಮನೆ ಬದಲಾಯಿಸಿದ ಮಕ್ಕಳಿಗೆ ಜಾಗ ಇಲ್ಲ ಅನ್ನಿಸಿಕೊಳ್ಳುವುದು ಏನೆಂದು ಸ್ವಲ್ಪ ಗೊತ್ತಿರುತ್ತದೆ, ಮಾತು ತಾನಾಗಿ ಅಲ್ಲಿಗೆ ಬರುತ್ತದೆ. ಅಂದಹಾಗೆ, ಶಾಲೆಯ ನಾಟಕಗಳಲ್ಲಿ ಗದರಿಸಿ ಕಳಿಸುವ ಸತ್ರದ ಯಜಮಾನನೂ ಸುವಾರ್ತೆಯಲ್ಲಿಲ್ಲ.

ಒಳ್ಳೇ ಕೆಲಸ ಮಾಡಿದಾಗಲೆಲ್ಲಾ ಖಾಲಿ ಗೋದಲಿಗೆ ಒಂದು ಹುಲ್ಲುಕಡ್ಡಿ ಹಾಕುವ ಪದ್ಧತಿ ಇದೆಯಲ್ಲ, ನನಗೆ ಅದು ಅಷ್ಟಾಗಿ ಹಿಡಿಸುವುದಿಲ್ಲ. ಅಣ್ಣ ತಂಗಿ ಕಡ್ಡಿ ಎಣಿಸಿಕೊಂಡು ಜಗಳ ಶುರು ಮಾಡುತ್ತಾರೆ. ನಮ್ಮಲ್ಲಿ, ಬೇರೆಯವರು ನಮಗೆ ಮಾಡಿದ ಒಳ್ಳೇದನ್ನು ಹೇಳಿದರೆ ಮಾತ್ರ ಕಡ್ಡಿ.

24ರ ರಾತ್ರಿ ಪೂಜೆ ಮುಗಿಸಿ ಬಂದ ಮೇಲೆ ಮಗುವನ್ನು ಮಲಗಿಸಿ. ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರು ಇಡಲಿ. ಅದೇ ಹೊತ್ತಿಗೆ ಕುರಿ ಕಾಯುವವರು ಬರಬೇಕು. ಯೇಸು ಹುಟ್ಟಿದ ಸುದ್ದಿ ಮೊದಲು ಹೋಗಿದ್ದು ರಾತ್ರಿ ಪಾಳಿಯವರಿಗೆ, ಅಲ್ವಾ? ಅದಕ್ಕೇ ನಮ್ಮ ಮನೆಯ ಕುಸ್ವಾರಿನ (ಕ್ರಿಸ್‌ಮಸ್ ತಿಂಡಿಗಳ) ಮೊದಲ ತಟ್ಟೆ, ನೆವ್ರಿ, ಕಿಡಿಯೊ, ಗುಳಿಯೊ ಎಲ್ಲಾ ಹಾಕಿ, ಕೆಳಗಿನ ವಾಚ್‌ಮನ್‌ಗೆ ಹೋಗುತ್ತದೆ. ಮಕ್ಕಳೇ ಕೊಟ್ಟು ಬರುತ್ತಾರೆ. ನೆಂಟರಿಗೆಲ್ಲಾ ಆಮೇಲೆ.

ಮಗುವನ್ನು ನೋಡಲು ಪೂರ್ವದಿಂದ ಬಂದ ಜ್ಞಾನಿಗಳು 25ರಂದು ಫ್ರಿಜ್ ಮೇಲಿಂದ ಹೊರಟು ಮೂರು ರಾಯರ ಹಬ್ಬಕ್ಕೆ, ಅಂದರೆ ಜನವರಿ 6ಕ್ಕೆ, ತಲುಪಲಿ. ಮೂವರು ಎಂದು, ಸುವಾರ್ತೆಯಲ್ಲಿ ಈ ಕಥೆ ಹೇಳುವ ಮತ್ತಾಯ ಎಲ್ಲೂ ಬರೆದಿಲ್ಲ. ಚಿನ್ನ, ಧೂಪ, ರಕ್ತಬೋಳ ಎಂದು ಕಾಣಿಕೆ ಮೂರು, ಅಷ್ಟೇ. ಹಾಗಾಗಿ ಒಂದು ಬೊಂಬೆ ಒಡೆದಿದ್ದರೂ ಹೊಸ ಸೆಟ್ ತರಬೇಕಿಲ್ಲ.

ಮಗುವನ್ನು ಕೊಲ್ಲಿಸಲು ನೋಡಿದ ರಾಜ ಹೆರೋದನ ಭಾಗ ಬಂದಾಗ ಬೇಗ ಬೇಗ ದಾಟಿಸಿಬಿಡುವವರೇ ಜಾಸ್ತಿ. ತೀರಾ ಚಿಕ್ಕವರಿಗೆ "ಆ ಊರಲ್ಲಿ ಇರಲು ಆಗಲಿಲ್ಲ, ರಾತ್ರೋರಾತ್ರಿ ಈಜಿಪ್ಟಿಗೆ ಹೋದರು" ಎಂದರೆ ಸಾಕು. ದೊಡ್ಡ ಮಕ್ಕಳಿಗೆ ಪೂರ್ತಿ ಹೇಳಿ. ಊರು ಬಿಟ್ಟು ಬಂದವರು ಅವರ ಕ್ಲಾಸಿನಲ್ಲೂ ಇರಬಹುದು. ಈ ಭಾಗವನ್ನು ಅಪ್ಪ ಓದಲಿ. ನಾಲ್ಕು ಸುವಾರ್ತೆಗಳಲ್ಲಿ ಎಲ್ಲಿಯೂ ಜೋಸೆಫರ ಬಾಯಿಂದ ಒಂದು ಮಾತಿಲ್ಲ. ಕನಸಾಯಿತು, ಎದ್ದರು, ತಾಯಿ ಮಗುವನ್ನು ಕರೆದುಕೊಂಡು ಹೊರಟರು. ನಮ್ಮ ಮನೆಯವರು ಇದನ್ನು ಓದುವಾಗ ಮಕ್ಕಳು ನಡುವೆ ಬಾಯಿ ಹಾಕುವುದು ಕಡಿಮೆ.

ಹಬ್ಬ ಮುಗಿದ ಮೇಲೆ ರಾಗಿ ಹುಲ್ಲನ್ನು ಬೀದಿಯ ಹಸುವಿಗೆ ಕೊಡಿ. ಬೊಂಬೆಗಳನ್ನು ಒಂದೊಂದಾಗಿ ಪೇಪರಿನಲ್ಲಿ ಸುತ್ತಿ. ಮಗುವನ್ನು ಮಾತ್ರ ಬೇರೆ ಪುಟ್ಟ ಡಬ್ಬಿಯಲ್ಲಿ ಹಾಕಿ ಹೆಸರು ಬರೆದಿಡಿ, ಕಾಗದದ ಜೊತೆ ಕಸಕ್ಕೆ ಹೋಗುವುದು ಯಾವಾಗಲೂ ಅದೇ.