ಕೋಡಿಬಾಗದ ನಮ್ಮ ಮನೆಸಭೆ

ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಮನೆಯ ಹಜಾರದಲ್ಲಿ ಭಾನುವಾರ ಸಂಜೆ ಕ್ರೈಸ್ತ ಪ್ರಾರ್ಥನಾ ಸಭೆ ಕೂಡುತ್ತದೆ. ಸಭಾಪಾಲಕರು, ಅಂದರೆ ಪಾಸ್ಟರ್, ಇಲ್ಲ, ಪೀಠವಿಲ್ಲ, ಮೈಕ್ ಇಲ್ಲ. ಹಾಗಾದರೆ ನಡೆಯುವುದು ಹೇಗೆ ಎಂದು ಹಲವರು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಧಾರವಾಡದವನು, ಸ್ವಿಟ್ಜರ್ಲೆಂಡಿನಿಂದ ಬಂದ ಪ್ರೊಟೆಸ್ಟಂಟ್ ಸಂಸ್ಥೆಯಾದ ಬಾಸೆಲ್ ಮಿಷನ್‌ನ ಪರಂಪರೆಯ ಮನೆತನದವನು. ಆ ಸಭೆಯ ಕೀರ್ತನೆಗಳು ನನ್ನ ನಾಲಿಗೆಯ ಮೇಲಿವೆ, ಅದರ ಮೇಲೆ ನನಗೆ ಮುನಿಸಿಲ್ಲ. ಆದರೆ ಬೆಂಚಿನಲ್ಲಿ ಕುಳಿತು ಪಾಸ್ಟರ್ ಮಾಡುವ ಪ್ರಸಂಗ, ಅಂದರೆ ಉಪದೇಶ, ಕೇಳಿ ಎದ್ದು ಬರುವಾಗ, ಪಕ್ಕದಲ್ಲಿ ಕುಳಿತವರ ಸಂಕಟ ನನಗೆ ಗೊತ್ತಾಗುತ್ತಲೇ ಇರಲಿಲ್ಲ. ಮೊದಲ ಕ್ರೈಸ್ತರ ಕೂಟಗಳು ಮನೆಗಳಲ್ಲಿಯೇ ಇದ್ದವು. ಬೈಬಲಿನಲ್ಲಿ, ರೋಮಾಪುರದವರಿಗೆ ಬರೆದ ಪತ್ರದ ಕೊನೆಯಲ್ಲಿ ಅಪೊಸ್ತಲ ಪೌಲನು ಪ್ರಿಸ್ಕ, ಅಕ್ವಿಲರಿಗೂ ಅವರ ಮನೆಯಲ್ಲಿ ಕೂಡುವ ಸಭೆಗೂ ವಂದನೆ ಹೇಳುತ್ತಾನೆ. ಗುಡಾರ ಮಾಡಿ ಬದುಕುತ್ತಿದ್ದ ಗಂಡ ಹೆಂಡತಿ ಅವರು. ಸಿರಿಯಾದ ದುರಾ ಯುರೋಪಸ್‌ನಲ್ಲಿ ಉತ್ಖನನದಲ್ಲಿ ಸಿಕ್ಕ ಮೂರನೆಯ ಶತಮಾನದ ಪ್ರಾರ್ಥನಾ ಸ್ಥಳವೂ ನಡುಗೋಡೆ ತೆಗೆದು ದೊಡ್ಡದು ಮಾಡಿಕೊಂಡ ಮನೆಯೇ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 14ನೆಯ ಅಧ್ಯಾಯದಲ್ಲಿ, ನೀವು ಕೂಡಿಬಂದಾಗ ಒಬ್ಬನಲ್ಲಿ ಹಾಡಿರುತ್ತದೆ, ಇನ್ನೊಬ್ಬನಲ್ಲಿ ಉಪದೇಶವಿರುತ್ತದೆ ಎಂಬ ಅರ್ಥದ ಮಾತು ಬರುತ್ತದೆ. ನಾವು ಹಿಡಿದುಕೊಂಡದ್ದು ಇದನ್ನೇ: ಬಂದವರೆಲ್ಲರೂ ಏನಾದರೂ ತರಬೇಕು, ಎಲ್ಲರ ಬಾಯಿಯೂ ತೆರೆಯಬೇಕು.

ಅದಕ್ಕಾಗಿ ಊಟವನ್ನು ಮೊದಲಿಗೆ ಇಟ್ಟೆವು. ಉಣ್ಣುತ್ತ ಕುಳಿತರೆ ಸಂಕೋಚ ತಾನಾಗಿ ಕರಗುತ್ತದೆ. ಗಂಜಿ, ಬಾಂಗಡೆ ಸಾರು, ಯಾರೋ ತಂದ ಉಪ್ಪಿನಕಾಯಿ. ಊಟದ ನಡುವೆಯೇ ಯೇಸುವಿನ ಕಡೆಯ ಊಟದ ನೆನಪಿಗೆ ಒಂದು ಪಾವ್ ಮುರಿದು ಹಂಚುತ್ತೇವೆ. ಪಾತ್ರೆಯಲ್ಲಿ ದ್ರಾಕ್ಷಾರಸದ ಬದಲು ಕಪ್ಪು ಒಣದ್ರಾಕ್ಷಿಯನ್ನು ರಾತ್ರಿ ನೆನೆಸಿ, ಕುದಿಸಿ ಸೋಸಿದ ರಸ. ಆಮೇಲೆ ಹಾಡು, ಕನ್ನಡದ್ದೂ ಕೊಂಕಣಿಯದ್ದೂ. ಓದುವ ಬೈಬಲ್ ಭಾಗ ಯಾವುದೆಂದು ಮೊದಲೇ ಮೊಬೈಲ್‌ನಲ್ಲಿ ತಿಳಿಸಿರುತ್ತೇವೆ. ಮನೆಯವರು ಮೊದಲು ಮಾತನಾಡಬಾರದು ಎಂಬುದು ನಮ್ಮ ಕಟ್ಟುನಿಟ್ಟಿನ ನಿಯಮ. ಇದನ್ನು ಸಡಿಲಿಸಿದರೆ ಮನೆಯ ಯಜಮಾನನೇ ಸಂಬಳವಿಲ್ಲದ ಪಾಸ್ಟರ್ ಆಗಿಬಿಡುತ್ತಾನೆ.

ಬೈತಖೋಲದಿಂದ ಬರುವ ಅಕ್ಕ ಮೀನು ಮಾರುತ್ತಾರೆ. ಕ್ಯಾಥೊಲಿಕ್ ಮನೆತನ, ಬೆಳಗಿನ ಪೂಜೆಗೆ ಇಗರ್ಜಿಗೆ ಹೋಗಿ ಸಂಜೆ ನಮ್ಮಲ್ಲಿಗೆ ಬರುತ್ತಾರೆ. ಅವರಿಗೆ ಓದಲು ಬಾರದು. ಯೋಹಾನನ ಸುವಾರ್ತೆಯ 21ನೆಯ ಅಧ್ಯಾಯದಲ್ಲಿ ಶಿಷ್ಯರ ಬಲೆಗೆ 153 ದೊಡ್ಡ ಮೀನು ಬಿದ್ದ ಭಾಗವನ್ನು ನನ್ನ ಮಗಳು ಓದಿದಳು. ನಾವೆಲ್ಲ ಆ ಸಂಖ್ಯೆಯ ಅರ್ಥ ಹುಡುಕುತ್ತಿದ್ದೆವು. ಅಕ್ಕ ತಡೆದು, "ಬಲೆ ಹರಿಯಲಿಲ್ಲ ಅಂತ ಓದಿದೆಯಲ್ಲ, ಅದನ್ನು ಹೇಳು ಮಗಳೇ" ಎಂದರು. ಅವರ ಅಣ್ಣಂದಿರು ರಂಪಣಿ, ಅಂದರೆ ಹಲವರು ಸೇರಿ ದಡಕ್ಕೆ ಎಳೆಯುವ ದೊಡ್ಡ ಬಲೆ, ಎಳೆದವರು. ತುಂಬಿದ ಬಲೆ ದಡದ ಹತ್ತಿರ ಬಂದಾಗ ಹರಿದರೆ ಎಷ್ಟು ಮನೆಗಳ ಒಲೆ ಆರುತ್ತದೆ, ಹರಿದದ್ದನ್ನು ಹೊಲಿಯಲು ಸಾಲ ಹೇಗೆ ಏರುತ್ತದೆ ಎಂದು ವಿವರಿಸಿದರು. ಯಾವ ಪ್ರಸಂಗದಲ್ಲಿಯೂ ನಾನು ಇದನ್ನು ಕೇಳಿರಲಿಲ್ಲ.

ದಶಮಾಂಶದ, ಅಂದರೆ ಆದಾಯದ ಹತ್ತರಲ್ಲೊಂದು ಪಾಲು ಸಭೆಗೆ ಕೊಡಬೇಕೆಂಬ, ಒತ್ತಾಯವಿಲ್ಲ. ಕಾಣಿಕೆ ಡಬ್ಬಿಯನ್ನು ಎಲ್ಲರೆದುರು ತೆರೆದು ಎಣಿಸಿ, ಯಾರಿಗೆ ಎಂದು ಅಲ್ಲಿಯೇ ನಿರ್ಧರಿಸುತ್ತೇವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ಮಳೆಗಾಲದಲ್ಲಿ ಹಣವೆಲ್ಲ ಬಂದರಿನ ದುಡಿಮೆ ನಂಬಿದ ಮನೆಗಳ ಅಕ್ಕಿಗೆ, ಮಕ್ಕಳ ಪುಸ್ತಕಕ್ಕೆ ಹೋಗುತ್ತದೆ. ಕಟ್ಟಡದ ಖರ್ಚಿಲ್ಲದ್ದರಿಂದಲೇ ಇದು ಸಾಧ್ಯ. ಹಜಾರ ತುಂಬಿ ಕೆಲವರು ಮೂಲೆಯಲ್ಲಿ ಸುಮ್ಮನೆ ಕೂರತೊಡಗಿದಾಗ ಬಿಣಗಾದ ಮನೆಯೊಂದರಲ್ಲಿ ಇನ್ನೊಂದು ಕೂಟ ಆರಂಭಿಸಿದೆವು.

ಮದುವೆಯ ವಿಷಯವನ್ನು ಮೊದಲೇ ತಿಳಿದಿರಿ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಂತೆ ಪಾದ್ರಿಯಾಗಿ ದೀಕ್ಷೆ ಪಡೆದವರು, ಪರವಾನಗಿ ಇರುವವರು ಅಥವಾ ವಿವಾಹ ರಿಜಿಸ್ಟ್ರಾರ್ ಮದುವೆ ನಡೆಸಬೇಕು. ನಮ್ಮಂಥವರು ಹಜಾರದಲ್ಲಿ ಪ್ರಾರ್ಥಿಸಿದರೆ ಅದು ಕಾನೂನಿಗೆ ಸಾಲದು. 1954ರ ವಿಶೇಷ ವಿವಾಹ ಕಾಯ್ದೆಯ ದಾರಿಯೂ ಇದೆ, ಅದಕ್ಕೆ 30 ದಿನಗಳ ನೋಟಿಸ್ ಬೇಕು.

ಇದಕ್ಕಿಂತ ಕಠಿಣವಾದದ್ದು ಸತ್ತವರ ಸಮಾಧಿಗೆ ಜಾಗ. ನಾನು ಧಾರವಾಡದ ಸಭೆಯ ಸದಸ್ಯತ್ವವನ್ನು ಉಳಿಸಿಕೊಂಡಿದ್ದೇನೆ, ಅಕ್ಕನಿಗೆ ಅವರ ಇಗರ್ಜಿ ಇದೆ. ನೌಕರಿಗೆಂದು ಬಂದು ಇಲ್ಲಿಯೇ ನೆಲೆಸಿದ ಒಂದು ಕುಟುಂಬದ ಹೆಸರು ಮಾತ್ರ ಯಾವ ಸಭೆಯ ಸದಸ್ಯರ ಪಟ್ಟಿಯಲ್ಲಿಯೂ ಇಲ್ಲ. ಮನೆಯ ಅಜ್ಜಿಗೆ ವಯಸ್ಸಾಗಿದೆ. ಅವರಿಗಾಗಿ ಊರಿನ ಸಭೆಯೊಂದರ ಹಿರಿಯರ ಬಳಿ ಹೋಗಿ ಕುಳಿತು ಮಾತನಾಡುತ್ತಿದ್ದೇವೆ. ಸಮಾಧಿ ಸ್ಥಳದ ನಿರ್ವಹಣೆಗೆ ಪ್ರತಿವರ್ಷ ನಮ್ಮ ಡಬ್ಬಿಯಿಂದ ಪಾಲು ಕೊಡುತ್ತೇವೆ ಎಂದಿದ್ದೇವೆ. ಅವರು ಇಲ್ಲವೆಂದಿಲ್ಲ, ಸಮಿತಿಯ ಮುಂದಿಡುತ್ತೇವೆ ಎಂದಿದ್ದಾರೆ.