ಟೆಕ್ಸಸ್‌ನಲ್ಲಿ ಸ್ವಂತ ಕೆಲಸ ಶುರು ಮಾಡ್ತಿದ್ದೀರಾ? ಸೇಲ್ಸ್ ಟ್ಯಾಕ್ಸ್ ಬಗ್ಗೆ ಮೊದಲು ತಿಳಿದುಕೊಳ್ಳಿ

ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ ಕಡೆ ನೆಲೆಯೂರಿದ ಮೇಲೆ ನಮ್ಮವರಲ್ಲಿ ಅನೇಕರು ಸಣ್ಣದೊಂದು ಕೆಲಸ ಶುರು ಮಾಡುತ್ತಾರೆ. ಸೀಮಂತ, ನಾಮಕರಣದ ಫೋಟೋ, ಹಬ್ಬದೂಟದ ಕೇಟರಿಂಗ್, ಮಕ್ಕಳಿಗೆ ಗಣಿತದ ಟ್ಯೂಷನ್, ಹೀಗೆ. ನಿಮ್ಮ ವೀಸಾದಲ್ಲಿ ಇದಕ್ಕೆ ಅವಕಾಶ ಇದೆಯಾ ಎಂದು ಮೊದಲು ವಕೀಲರನ್ನು ಕೇಳಿ. ಅದು ಸರಿಯಿದ್ದರೆ, ಮುಂದಿನದು ಸೇಲ್ಸ್ ಟ್ಯಾಕ್ಸ್.

ಊರಿನ ಜಿಎಸ್‌ಟಿ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಸೇಲ್ಸ್ ಟ್ಯಾಕ್ಸೇ ಇಲ್ಲ, ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು. ಟೆಕ್ಸಸ್ ರಾಜ್ಯದ ದರ ಶೇ. 6.25. ನಗರ, ಕೌಂಟಿಗಳು (ನಮ್ಮ ಜಿಲ್ಲೆಗಳಂಥವು) ಅದರ ಮೇಲೆ ಶೇ. 2ರವರೆಗೆ ಸೇರಿಸುತ್ತವೆ. ಹೆಚ್ಚೆಂದರೆ ಶೇ. 8.25 ಆಗುತ್ತದೆ. ಕರ್ನಾಟಕದಲ್ಲಿ ಸೇವೆ ಕೊಡುವವರು ವರ್ಷಕ್ಕೆ 20 ಲಕ್ಷ ರೂಪಾಯಿ ದಾಟುವ ತನಕ ಸಾಮಾನ್ಯವಾಗಿ ನೋಂದಣಿ ಮಾಡಿಸಬೇಕಿಲ್ಲ, ಅಲ್ವಾ? ಟೆಕ್ಸಸ್‌ನಲ್ಲೇ ಇದ್ದು ದುಡಿಯುವವರಿಗೆ ಅಂಥ ಸಾಮಾನ್ಯ ಮಿತಿ ಇಲ್ಲ. 5 ಲಕ್ಷ ಡಾಲರ್ ಮಿತಿ ಇದೆ ಎಂದು ಯಾರಾದರೂ ಹೇಳಿದರೆ, ಅದು ಹೊರ ರಾಜ್ಯದಿಂದ ಇಲ್ಲಿಗೆ ಮಾರುವವರಿಗೆ, ನಮಗಲ್ಲ.

ಮುಖ್ಯ ವಿಷಯ ಇದು. ವಸ್ತುಗಳಿಗೆ, ಕಾನೂನು ಬಿಟ್ಟುಕೊಡದ ಹೊರತು, ತೆರಿಗೆ ಇದ್ದೇ ಇದೆ. ಸೇವೆಗಳದ್ದು ತದ್ವಿರುದ್ಧ: ಕಾನೂನು ಹೆಸರಿಸಿದ ಸೇವೆಗಳಿಗೆ ಮಾತ್ರ ತೆರಿಗೆ. ಕ್ಲೀನಿಂಗ್, ಹುಲ್ಲು ಕತ್ತರಿಸುವುದು, ಸೆಕ್ಯುರಿಟಿ, ಬಟ್ಟೆ ಒಗೆದುಕೊಡುವುದು ಆ ಪಟ್ಟಿಯಲ್ಲಿವೆ. ಡೇಟಾ ಪ್ರೊಸೆಸಿಂಗ್ (ಗ್ರಾಹಕರ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಸಂಸ್ಕರಿಸಿ ಕೊಡುವುದು) ಕೂಡ ಇದೆ, ನಮ್ಮ ಐಟಿಯವರು ಗಮನಿಸಬೇಕು. ಅದರಲ್ಲಿ ಬಿಲ್ಲಿನ ಶೇ. 20 ಬಿಟ್ಟು ಉಳಿದದ್ದಕ್ಕೆ ತೆರಿಗೆ ಹಾಕುತ್ತಾರೆ. ಟ್ಯೂಷನ್, ಕ್ಷೌರ, ವಕೀಲರು, ಡಾಕ್ಟರು, ಲೆಕ್ಕಪತ್ರ ನೋಡುವವರ ಫೀಸಿಗೆ ತೆರಿಗೆ ಇಲ್ಲ.

ಗೊಂದಲ ಇರುವುದು ನಡುವಿನ ಕೆಲಸಗಳಲ್ಲಿ. ಮನೆ ರಿಪೇರಿ ಮಾಡಿ, ಸಾಮಾನಿನ ಬೆಲೆ, ಕೂಲಿ ಬೇರೆ ಬೇರೆ ಬರೆದರೆ ಕೂಲಿಗೆ ತೆರಿಗೆ ಇಲ್ಲ. ಅದೇ ರಿಪೇರಿಯನ್ನು ಮನೆಗೆ ಬದಲು ಒಂದು ಅಂಗಡಿಯ ಕಟ್ಟಡಕ್ಕೆ ಮಾಡಿದರೆ ಕೂಲಿಗೂ ಇದೆ. ಫೋಟೋ ತೆಗೆದು ಕೊಡುವವರು ಪ್ರಿಂಟಿಗೆ ಮಾತ್ರ ಟ್ಯಾಕ್ಸ್ ಎಂದುಕೊಳ್ಳುತ್ತಾರೆ. ಆ ಫೋಟೋಗಳಿಗಾಗಿ ತೆಗೆದುಕೊಂಡ ಸಿಟ್ಟಿಂಗ್ ಫೀಸೂ (ಫೋಟೋ ತೆಗೆಯುವ ಕೆಲಸಕ್ಕೆ ಪಡೆಯುವ ಶುಲ್ಕ) ಬೆಲೆಯ ಭಾಗವೇ, ಅದಕ್ಕೂ ತೆರಿಗೆ ಇದೆ. ಅಂಗಡಿಯಲ್ಲಿ ಕೊಂಡ ಅಕ್ಕಿ, ಬೇಳೆಗೆ ತೆರಿಗೆ ಇಲ್ಲ, ಆದರೆ ಅದನ್ನೇ ಬಿಸಿಬೇಳೆಬಾತ್ ಮಾಡಿ ಬಡಿಸಿದರೆ ಇದೆ. ಕನ್ನಡ ಸಂಘಕ್ಕೆ ಅಡುಗೆ ಮಾಡುವಾಗ "ನಮ್ಮದು ನಾನ್‌-ಪ್ರಾಫಿಟ್" ಎಂಬ ಬಾಯಿಮಾತು ಸಾಲದು. ವಿನಾಯಿತಿ ಪತ್ರ ಕೇಳಿ ಪಡೆದು ಫೈಲಿನಲ್ಲಿಡಿ. ನಮ್ಮವರೇ ಅಲ್ವಾ ಎಂದು ಸಂಕೋಚ ಬೇಡ.

ಸಿಯಾಟಲ್ ಸ್ನೇಹಿತರ ಸಲಹೆ ಇಲ್ಲಿಗೆ ಹೊಂದುವುದಿಲ್ಲ. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯ 2025ರ ಅಕ್ಟೋಬರ್ 1ರಿಂದ ಐಟಿ ಸಪೋರ್ಟ್, ವೆಬ್‌ಸೈಟ್ ಮಾಡಿಕೊಡುವುದು, ಜಾಹೀರಾತು ಸೇವೆಗಳನ್ನೂ ತೆರಿಗೆಗೆ ಸೇರಿಸಿದೆ.

ನಿಮ್ಮ ಕೆಲಸಕ್ಕೆ ತೆರಿಗೆ ಇದ್ದರೆ, ಮೊದಲ ಬಿಲ್ಲಿಗೂ ಮುಂಚೆ ಕಂಪ್‌ಟ್ರೋಲರ್ ಕಚೇರಿಯ (ಟೆಕ್ಸಸ್‌ನಲ್ಲಿ ತೆರಿಗೆ ನೋಡಿಕೊಳ್ಳುವ ಕಚೇರಿ) ಸೇಲ್ಸ್ ಟ್ಯಾಕ್ಸ್ ಪರ್ಮಿಟ್ ತೆಗೆದುಕೊಳ್ಳಿ. ಆನ್‌ಲೈನ್ ಅರ್ಜಿ, ಫೀಸು ಇಲ್ಲ. ಬಿಲ್ಲಿನಲ್ಲಿ ತೆರಿಗೆಯನ್ನು ಬೇರೆ ಸಾಲಿನಲ್ಲಿ ಬರೆಯಿರಿ. ವಸೂಲಿ ಮಾಡುವುದು ಮರೆತರೆ ರಾಜ್ಯ ಅದನ್ನು ನಿಮ್ಮ ಜೇಬಿನಿಂದಲೇ ಕೇಳುತ್ತದೆ. ವಸೂಲಿಯಾದ ದುಡ್ಡು ರಾಜ್ಯದ್ದು, ನಿಮ್ಮ ಹತ್ತಿರ ಇರುವುದು ಬರೀ ನಂಬಿಕೆಯ ಮೇಲೆ. ಎಲ್‌ಎಲ್‌ಸಿ (ಮಾಲೀಕರ ಹೊಣೆ ಸೀಮಿತವಾಗಿರುವ ಕಂಪನಿ) ಮಾಡಿಕೊಂಡರೂ ಆ ಹೊಣೆ ತಪ್ಪುವುದಿಲ್ಲ. ಅದಕ್ಕೇ ಒಂದು ಬೇರೆ ಬ್ಯಾಂಕ್ ಖಾತೆ ತೆರೆಯಿರಿ ಎಂದು ಎಲ್ಲರಿಗೂ ಒತ್ತಿ ಹೇಳುತ್ತೇನೆ.

ರಿಟರ್ನ್ ಸಾಮಾನ್ಯವಾಗಿ ಅವಧಿ ಮುಗಿದ ಮುಂದಿನ ತಿಂಗಳ 20ನೇ ತಾರೀಖಿನೊಳಗೆ ಹೋಗಬೇಕು. ಸಮಯಕ್ಕೆ ಸರಿಯಾಗಿ ಕಟ್ಟಿದರೆ ತೆರಿಗೆಯಲ್ಲಿ ಶೇ. 0.5 ನಿಮಗೇ ಉಳಿಯುತ್ತದೆ. ತಡವಾದರೆ ತೆರಿಗೆಯ ಶೇ. 5, ಮೂವತ್ತು ದಿನ ದಾಟಿದರೆ ಶೇ. 10 ದಂಡ. ಜೊತೆಗೆ, ರಿಟರ್ನ್ ತಡವಾಗಿ ಕಳಿಸಿದ್ದಕ್ಕೆ 50 ಡಾಲರ್. ವ್ಯಾಪಾರವೇ ಆಗದ ಅವಧಿಗೂ ಸೊನ್ನೆ ಬರೆದು ರಿಟರ್ನ್ ಕಳಿಸಬೇಕು. ಬಿಲ್ಲು, ರಸೀದಿ, ವಿನಾಯಿತಿ ಪತ್ರಗಳನ್ನು ಕನಿಷ್ಠ 4 ವರ್ಷ ಜೋಪಾನ ಮಾಡಿ. ಪಟ್ಟಿಯಲ್ಲಿ ನಿಮ್ಮ ಕೆಲಸ ಬರುತ್ತದೋ ಇಲ್ಲವೋ ಎಂದು ಅನುಮಾನವಿದ್ದರೆ ಕಂಪ್‌ಟ್ರೋಲರ್ ಕಚೇರಿಗೇ ಬರೆದು ಕೇಳಿ, ಉತ್ತರವನ್ನೂ ಅದೇ ಫೈಲಿಗೆ ಸೇರಿಸಿ.